ಗುಜರಿಗೆ ಬಿದ್ದರೂ ಧಣಿಯ ಅಪ್ಪಣೆ

ನಾವು ಒಳಗೆ ಹೊಲಿಯುತ್ತಿರುವಾಗ ಹಿಂಬಾಗಿಲಿಗೆ ಬೀಗ ಜಡಿಯಬೇಡಿ, ಬೆಂಕಿ ಬಿದ್ದರೆ ಎಲ್ಲಿಂದ ಓಡೋದು ಎಂದು ಕೇಳಿದ್ದೇ ಅತ್ತಿಗೆಯ ಅಪರಾಧ. ಕಾರ್ಖಾನೆ ಅವಳನ್ನು ಕೆಲಸದಿಂದ ಕಿತ್ತುಹಾಕಿತು. ಇವತ್ತು ಮಧ್ಯಾಹ್ನ ಕಾರ್ಮಿಕ ಇಲಾಖೆಯಲ್ಲಿ ಅದರ ವಿಚಾರಣೆ, ಅದೂ ಪರದೆಯಲ್ಲಿ. ಹಾಜರಾಗದಿದ್ದರೆ ಕಂಪನಿ ಹೇಳಿದ್ದೇ ತೀರ್ಪು. ಫೋನು ನಡೆಯದಂತೆ, ಕಂಪ್ಯೂಟರೇ ಬೇಕಂತೆ. ನಮ್ಮಂಥವರಿಗೆ ನ್ಯಾಯದ ಹೊಸ್ತಿಲು ಯಾವಾಗಲೂ ಒಂದು ಮೊಳ ಎತ್ತರವೇ.

ನಮ್ಮ ಕಾರ್ಮಿಕ ಸಂಘದ ಕೋಣೆಯಲ್ಲಿರುವುದು ಆ ಕಾರ್ಖಾನೆಯೇ ಗುಜರಿಗೆ ಎಸೆದ ಕಂಪ್ಯೂಟರ್. ಇದುವರೆಗೆ ಅದರಲ್ಲಿ ಕರಪತ್ರ ಟೈಪು ಮಾಡುತ್ತಿದ್ದೆವು, ಅಷ್ಟೆ. ನಿನ್ನೆ ಇಂಟರ್ನೆಟ್ ತಂತಿ ಎಳೆಸಿದರೆ, ಜಪ್ಪಯ್ಯ ಅಂದರೂ ಒಂದು ಪುಟ ತೆರೆಯದು.

ನಾನು ಅವಳ ನಾದಿನಿ, ಅದೇ ಕಾರ್ಖಾನೆಯ ದಾಸ್ತಾನು ವಿಭಾಗದಲ್ಲಿ ಕಂಪ್ಯೂಟರ್ ಕುಟ್ಟಿದವಳು. ರಿಜಿಸ್ಟ್ರಿ ತೆರೆದೆ. ಯಂತ್ರ ತನ್ನ ಅಭ್ಯಾಸಗಳನ್ನೆಲ್ಲ ಕೂಡಿಟ್ಟುಕೊಳ್ಳುವ ಜಾಗ ಅದು. ಎಲ್ಲಿಗೆ ಹೋಗಬೇಕಾದರೂ ಮೊದಲು ಕಾರ್ಖಾನೆಯ ಸರ್ವರನ್ನು ಕೇಳು ಎಂಬ ಅಪ್ಪಣೆ ಅಲ್ಲೇ ಕೂತಿತ್ತು. ಅದರ ಮುಂದೆ ‘ಒಂದು’ ಇತ್ತು. ಅಂದರೆ ಅಪ್ಪಣೆ ಜಾರಿಯಲ್ಲಿದೆ. ಆ ಸರ್ವರು ಇಲ್ಲಿಗೆ ಎಟುಕದು, ಅದಕ್ಕೇ ಒಂದು ಪುಟವೂ ತೆರೆಯುತ್ತಿಲ್ಲ.

"ಗುಜರಿಗೆ ಬಿದ್ದರೂ ಧಣಿ ಅಪ್ಪಣೆ ಕೇಳ್ತದಾ? ಥೂ, ಇದರ ಬಾಳಿಗಿಷ್ಟು!" ಎಂದಳು ಅತ್ತಿಗೆ.

ಒಂದನ್ನು ಸೊನ್ನೆ ಮಾಡಿದೆ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಅತ್ತಿಗೆ ಗೋಡೆಯ ಸ್ವಿಚ್ ಆರಿಸಿದ್ದಳು.

"ಏನತ್ತಿಗೆ ಇದು!"

"ಮಿಷನ್ನಿನ ಸೂಜಿಗೆ ಕೈ ಹಾಕಿದರೆ ಕರೆಂಟು ತೆಗೀಬೇಕು. ಬೆರಳು ಹೊಲಿಸ್ಕೊಂಡೋಳು ನಾನು, ನೀನಲ್ಲ."

ಮತ್ತೆ ಹಾಕಿದರೆ ಸೊನ್ನೆ ಹೋಗಿ ಒಂದು ಬಂದು ಕೂತಿತ್ತು. ತಿದ್ದಿದೆ. ಅವಳ ಕೈ ತನ್ನಷ್ಟಕ್ಕೇ ಸ್ವಿಚ್ಚಿಗೆ ಹೋಯಿತು. ಮತ್ತೆ ಒಂದು.

"ಕೈ ಕಟ್ಟಿಹಾಕ್ತೀನಿ ನೋಡು!"

"ಕಟ್ಟಮ್ಮ ತಾಯಿ. ನಿಮ್ಮಣ್ಣನಿಂದ ಆಗದ್ದು ನಿನ್ನಿಂದಾದರೂ ಆಗಲಿ."

ನಗುತ್ತಿದ್ದಾಗಲೇ ಹೊಳೆಯಿತು. ಆರಿಸಿ ಹಾಕಿದಾಗಲೆಲ್ಲ ಕೆಡುತ್ತದೆ ಅಂದರೆ, ಯಂತ್ರ ಏಳುತ್ತಲೇ ಏನೋ ಅದರ ಕಿವಿಯೂದುತ್ತಿದೆ. ರಿಜಿಸ್ಟ್ರಿಯಲ್ಲಿ, ಎದ್ದ ಕೂಡಲೇ ಮಾಡಬೇಕಾದ ಕೆಲಸಗಳಿರುವ ಕಡೆ ಹುಡುಕಿದೆ. ಸಿಕ್ಕಿತು, ಪ್ರತಿ ಸಲವೂ ಆ ಒಂದನ್ನು ಮತ್ತೆ ಬರೆಯುವ ಸಾಲು. ಯಾವುದಕ್ಕೂ ಇರಲಿ ಎಂದು ರಿಜಿಸ್ಟ್ರಿಯ ನಕಲು ತೆಗೆದಿಟ್ಟು, ಆ ಸಾಲನ್ನು ಬೇರುಸಹಿತ ಕಿತ್ತೆ. ಒಂದನ್ನು ಮತ್ತೆ ಸೊನ್ನೆ ಮಾಡಿದೆ.

"ಈಗ ಆರಿಸು, ನಿನ್ನಾಸೆ ತೀರಲಿ."

ಆರಿಸಿದಳು, ಹಾಕಿದಳು. ಸೊನ್ನೆ ಸೊನ್ನೆಯಾಗಿಯೇ ಇತ್ತು. ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು.

ವಿಚಾರಣೆಯ ಪುಟ ತೆರೆಯಿತು. ಒಂದು ಚೌಕದಲ್ಲಿ ಅಧಿಕಾರಿ, ಇನ್ನೊಂದರಲ್ಲಿ ಕಾರ್ಖಾನೆಯ ಮ್ಯಾನೇಜರು. ಅವನ ಮುಖ ಕಂಡದ್ದೇ ತಡ, ಅತ್ತಿಗೆ ಕಾರ್ಖಾನೆಯ ಹಳೇ ಅಭ್ಯಾಸಕ್ಕೆ ದಡಕ್ಕನೆ ಎದ್ದು ನಿಂತಳು. ನಮ್ಮ ಚೌಕದಲ್ಲಿ ಬರೀ ಅವಳ ಹೊಟ್ಟೆ.

ತೋಳು ಹಿಡಿದು ಎಳೆದೆ. "ಕೂತ್ಕೋ ಅತ್ತಿಗೆ."

ನನ್ನನ್ನೊಮ್ಮೆ, ಸ್ವಿಚ್ಚನ್ನೊಮ್ಮೆ ನೋಡಿದಳು. ತುಟಿಯಂಚಿನಲ್ಲಿ ನಕ್ಕಳು. ಕುರ್ಚಿ ಮುಂದಕ್ಕೆಳೆದು ಬೆನ್ನು ಆನಿಸಿ ಕೂತಳು.

"ಅರ್ಜಿದಾರರು ಹಾಜರಿದ್ದಾರಾ?"

"ಇದ್ದೀನಿ ಸಾರ್. ಬೀಗದ ಕತೆ ಮೊದಲಿಂದ ಹೇಳ್ತೀನಿ, ಬರ್ಕೊಳ್ಳಿ."