ಮುಚ್ಚಿದವರೇ ತೆಗೆಯಬೇಕು

ಲಿಫ್ಟ್ ಮೆಕ್ಯಾನಿಕ್ ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರ ಕೈಗಳು ಮಾತ್ರ ನಿವೃತ್ತಿಗೆ ಒಪ್ಪಿರಲಿಲ್ಲ. ಮನೆಯ ಮಿಕ್ಸಿ, ಬಾಗಿಲ ಚಿಲಕ, ಎದುರುಮನೆಯವರ ಗೋಡೆಗಡಿಯಾರ, ಎಲ್ಲವನ್ನೂ ಒಂದು ಸುತ್ತು ಬಿಚ್ಚಿ ಕಟ್ಟಿಯಾಗಿತ್ತು. ಹಾಗಾಗಿ ಹನ್ನೊಂದು ವರ್ಷದ ಹಳೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸತ್ತು ಪರದೆ ಕಪ್ಪಾದಾಗ ಮನೆಯಲ್ಲಿ ಒಳಗೊಳಗೇ ಖುಷಿಪಟ್ಟವರು ಅವರೊಬ್ಬರೇ.

ಹೆಂಡತಿಗೆ ಮಾತ್ರ ಕೈಕಾಲು ಆಡಲಿಲ್ಲ. ಮೂರು ವರ್ಷ ಕೂತು ಆಕೆ ಹೆಣಿಗೆಯ ಪುಸ್ತಕವೊಂದನ್ನು ಸಿದ್ಧಮಾಡಿದ್ದಳು. ನಲವತ್ತು ಸ್ವೆಟರುಗಳ ನಕ್ಷೆ, ಒಂದೊಂದು ಕುಣಿಕೆಗೂ ಒಂದೊಂದು ಚೌಕ. ಅಷ್ಟೂ ಆ ಕಂಪ್ಯೂಟರ್ ಪೆಟ್ಟಿಗೆಯೊಳಗಿತ್ತು. ಶುಕ್ರವಾರ ಸಂಜೆ ಐದರೊಳಗೆ ಬಾರದಿದ್ದರೆ ಬೇರೆಯವರ ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದು ಪ್ರಕಾಶಕರು ಖಡಾಖಂಡಿತವಾಗಿ ಹೇಳಿದ್ದರು. ಕಂಪ್ಯೂಟರ್ ರಿಪೇರಿಯನ್ನೇ ಕಸುಬು ಮಾಡಿಕೊಂಡಿದ್ದ ಅವಳ ತಮ್ಮ, "ನಾನು ಬರ್ಲಾ ಅಕ್ಕಾ?" ಎಂದು ಫೋನಿನಲ್ಲಿ ಕೇಳಿದ್ದ. "ಬೇಡ ಬಿಡು, ನಮ್ಮನೇಲೇ ಮೆಕ್ಯಾನಿಕ್ ಇದಾರೆ" ಎಂದುಬಿಟ್ಟಿದ್ದಳು ಆಕೆ. ಪಕ್ಕದ ಕೋಣೆಯಲ್ಲಿ ಅದನ್ನು ಕೇಳಿಸಿಕೊಂಡ ಗಂಡನ ಎದೆ ಎರಡಂಗುಲ ಉಬ್ಬಿತ್ತು.

ಶುಕ್ರವಾರ ಬೆಳಿಗ್ಗೆ ಹಳೆ ಸಾಮಾನಿನ ಅಂಗಡಿಯಿಂದ ಬದಲಿ ಕಾರ್ಡು ಬಂತು. ಅವರು ಊಟದ ಮೇಜಿನ ಮೇಲೆ ಪೇಪರ್ ಹಾಸಿದರು, ಕಂಪ್ಯೂಟರಿನ ಪಕ್ಕೆ ಬಿಚ್ಚಿದರು, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿಟ್ಟರು. ಸತ್ತ ಕಾರ್ಡನ್ನು ಕಿತ್ತು, ಬದಲಿ ಕಾರ್ಡನ್ನು ಟಕ್ಕೆಂದು ಕೂರಿಸಿ, "ಹನ್ನೊಂದಕ್ಕೆ ನಿನ್ನ ಕೈಗೆ ಒಪ್ಪಿಸ್ತೀನಿ" ಎಂದರು.

ಹನ್ನೊಂದಕ್ಕೆ ಪರದೆ ಹೇಳಿದ್ದು ಒಂದೇ ಮಾತು: ಸಿಗ್ನಲ್ ಇಲ್ಲ.

ಕಾರ್ಡನ್ನು ಮತ್ತೆ ಕಿತ್ತು ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದರು. ಸಿಗ್ನಲ್ ಇಲ್ಲ. ಅದಕ್ಕೆಂದೇ ಬೇರೆಯಾಗಿ ಬರುವ ಕರೆಂಟಿನ ವಯರನ್ನು ಒತ್ತಿ ಒತ್ತಿ ನೋಡಿದರು, ಮೆಮೊರಿ ಪಟ್ಟಿಗಳನ್ನು ಅದಲುಬದಲು ಮಾಡಿದರು. ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಪರದೆ ಮಾತ್ರ ಎಮ್ಮೆಯ ಮೇಲೆ ಮಳೆ ಸುರಿದಂತೆ ಕೂತಿತ್ತು. ಹನ್ನೆರಡಕ್ಕೆ ಹೆಂಡತಿ "ಏನಾದ್ರೂ ಆಯ್ತಾ?" ಎಂದಳು. ಎರಡಕ್ಕೆ ಬರೀ ಕೆಮ್ಮಿದಳು. ನಾಲ್ಕಕ್ಕೆ ಬಂದು ಎದುರಿನ ಕುರ್ಚಿಯಲ್ಲಿ ಸುಮ್ಮನೆ ಕೂತಳು. ಕೂತರೆ ಸಾಕು ಹೆಣಿಗೆಯ ಕಡ್ಡಿ ಆಡಿಸುವ ಕೈಗಳು ಮಡಿಲಲ್ಲಿ ಬಿದ್ದುಕೊಂಡಿದ್ದವು. ಹದಿನಾಲ್ಕು ಮಹಡಿಯ ಲಿಫ್ಟಿನ ಬಾವಿಯಲ್ಲಿ ತೂಗಾಡಿ ಬಂದವರಿಗೆ ಆ ಕೈಗಳನ್ನು ನೋಡಿ ನಿಜವಾಗಿಯೂ ಹೆದರಿಕೆಯಾಯಿತು.

"ತಮ್ಮನ್ನ ಕರೀಲಾ?"

"ಇನ್ನೊಂದೇ ಒಂದ್ಸಲ ನೋಡ್ತೀನಿ."

ಅವಳೂ ಎದ್ದು ಟಾರ್ಚ್ ಹಿಡಿದು ಪೆಟ್ಟಿಗೆಯ ಬೆನ್ನಿಗೆ ಬಗ್ಗಿದಳು. "ಪರದೆ ವಯರು ಮೊದ್ಲು ಕಾರ್ಡಿಗೆ ಹಾಕ್ತಿದ್ವಲ್ಲ? ಈಗ್ಯಾಕೆ ಪೆಟ್ಟಿಗೇದೇ ಮೇಲಿನ ತೂತಿಗೆ ಹಾಕಿದೀರಿ?"

"ಕಾರ್ಡಿನ ಮೂರೂ ತೂತಿಗೆ ಕೆಂಪು ಮುಚ್ಚಳ ಇದೆ, ಕಾಣಲ್ವಾ? ಅದು ಒಂದೇ ತೆರೆದಿದ್ದದ್ದು."

"ತೆಗೆದ್ರಾಯ್ತು" ಎಂದು ಅವಳು ಕೈ ಚಾಚಿದಳು. ಅವರು ಗಬಕ್ಕನೆ ಅವಳ ಮಣಿಕಟ್ಟು ಹಿಡಿದರು.

"ಮುಟ್ಬೇಡ. ಹಾಕಿದೋರೇ ತೆಗೀಬೇಕು."

ಲಿಫ್ಟಿನ ಕೆಲಸದಲ್ಲಿ ಅದು ಮೊದಲ ಪಾಠ. ಬಾವಿಯೊಳಗೆ ಇಳಿಯುವವನು ಮೇನ್ ಸ್ವಿಚ್ ಆರಿಸಿ, ಯಾರೂ ಮತ್ತೆ ಹಾಕದಿರಲೆಂದು ಅದಕ್ಕೆ ಕೆಂಪು ಮುಚ್ಚಳ ಹಾಕಿ ಇಳಿಯುತ್ತಾನೆ. ಅದನ್ನು ಅವನೇ ಬಂದು ತೆಗೆಯಬೇಕು, ಬೇರೆ ಯಾರೂ ಬೆರಳು ತಾಗಿಸುವಂತಿಲ್ಲ. ಒಮ್ಮೆ ಮುಚ್ಚಳ ಹಾಕಿದವನು ಟೀ ಕುಡಿಯಲು ಹೋಗಿದ್ದ. ದೊಡ್ಡ ಸಾಹೇಬರು ಕೂಗಾಡಿದರೂ ಇವರು ಜಪ್ಪಯ್ಯ ಅನ್ನಲಿಲ್ಲ. ಸಾಹೇಬರು ಹನ್ನೆರಡು ಮಹಡಿ ಹತ್ತಿ, ಏದುಸಿರು ಬಿಡುತ್ತಲೇ ಇವರ ಮೇಲೆ ದೂರು ಬರೆದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಂಡನ ಜೊತೆ ವಾದಕ್ಕಿಳಿದರೆ ಐದು ಗಂಟೆ ಇಲ್ಲೇ ಹೊಡೆಯುತ್ತದೆಂದು ಹೆಂಡತಿಗೆ ಗೊತ್ತಿತ್ತು. "ಸರಿ, ಹಾಕಿದೋರನ್ನೇ ಕೇಳಿ" ಎಂದು ಅಂಗಡಿಗೆ ಫೋನ್ ಮಾಡಿ ಅವರ ಕೈಗೆ ಕೊಟ್ಟಳು.

"ಈ ಕಾರ್ಡಿಗೆ ಕೆಂಪು ಮುಚ್ಚಳ ಹಾಕಿದೋರು ಯಾರು?"

ಅಂಗಡಿಯಾಕೆ ಏನೋ ಅಗಿಯುತ್ತಿದ್ದದ್ದು ನಿಂತಿತು. "ನಾನೇ. ಧೂಳು ಹೋಗ್ದಿರ್ಲಿ ಅಂತ."

"ತೂತು ಕೆಟ್ಟಿದೆ ಅಂತ ಅಲ್ವಾ?"

"ಕೆಟ್ಟಿದ್ರೆ ಮಾರ್ತಿದ್ನಾ? ವಯರು ಅಲ್ಲೇ ಹಾಕ್ಬೇಕು. ಕಾರ್ಡು ಕೂರಿಸಿದ್ಮೇಲೆ ಮೇಲಿಂದು ಕೆಲ್ಸ ಮಾಡಲ್ಲ."

"ಹಾಗಾದ್ರೆ ನೀವು ಬಂದು ತೆಗೀಬೇಕಲ್ಲ."

"ಆಂ?" ಎಂದಳು ಅಂಗಡಿಯಾಕೆ. ಹೆಂಡತಿ ಫೋನಿಗೆ ಬಾಯಿ ತಂದು, "ನೀವು ಅಪ್ಪಣೆ ಕೊಟ್ರೆ ಸಾಕಮ್ಮ, ಇವ್ರೇ ತೆಗೀತಾರೆ" ಎಂದಳು.

"ಕೊಟ್ಟೆ."

"ಮೂರಕ್ಕೂ?" ಎಂದರು ಇವರು.

"ಮೂರಕ್ಕೂ ಕೊಟ್ಟೆ, ಸ್ವಾಮಿ."

ಅವರು ಒಂದೊಂದಾಗಿ ಮೂರೂ ಮುಚ್ಚಳ ತೆಗೆದು ವಯರು ಸಿಕ್ಕಿಸಿದರು. ಪರದೆ ಬೆಳಗಿತು. ಹೆಂಡತಿ ಕುರ್ಚಿ ಎಳೆದುಕೊಂಡು ಕೂತು ನಲವತ್ತು ಸ್ವೆಟರುಗಳನ್ನೂ ಕಳಿಸಿದಳು. ಐದಕ್ಕೆ ಎಂಟು ನಿಮಿಷ ಇರುವಾಗ ಪ್ರಕಾಶಕರಿಂದ ಉತ್ತರ ಬಂತು: ತಲುಪಿದೆ, ಅಚ್ಚಿಗೆ ಹೋಗುತ್ತಿದೆ.

ಅಷ್ಟರಲ್ಲಿ ತಮ್ಮನ ಫೋನು. ಗಂಡ ತಕ್ಷಣ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಹಿಂದೆ ತಲೆ ತೂರಿಸಿದರು. ಏನೋ ಒಂದು ಸುಳ್ಳು ಹೇಳಿ ಮಾನ ಉಳಿಸುತ್ತಾಳೆ ಎಂದುಕೊಂಡಿದ್ದರು. ಆಕೆ ಒಂದಕ್ಷರ ಬಿಡದೆ ಎಲ್ಲವನ್ನೂ ಹೇಳಿದಳು; ಅಪ್ಪಣೆ ಕೇಳಿದ್ದನ್ನು ಎರಡು ಸಲ ಹೇಳಿದಳು. ತಮ್ಮ ಬಿದ್ದು ಬಿದ್ದು ನಗುವುದು ಮೇಜಿನ ಹಿಂದಕ್ಕೂ ಕೇಳಿಸಿತು. ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವರ ಕಿವಿ ಬಿಸಿಯಾಯಿತು.

ನಗು ನಿಂತ ಮೇಲೆ ಅವಳ ದನಿ ತಗ್ಗಿತು. "ನಕ್ಕಿದ್ದು ಸಾಕು. ಹೊರಗೆ ಹೇಳ್ಕೊಂಡು ನಗಬೇಡ. ಇವ್ರ ಜೊತೆ ಬಾವಿಗಿಳಿದೋರಲ್ಲಿ ಒಬ್ರಿಗೂ ಏನೂ ಆಗಿಲ್ಲ ಕಣೋ. ಆ ಕೆಲ್ಸ ಎಂಥದ್ದು ಅಂತ ಮದುವೆಯಾದ ಹೊಸದ್ರಲ್ಲೇ ನಂಗೆ ಗೊತ್ತಾಗಿತ್ತು. ದಿನಾ ಸಂಜೆ ಬೆಲ್ ಆದಾಗ, ಯಾರು ಏನು ಸುದ್ದಿ ತಂದಿರ್ತಾರೋ ಅಂತ ಭಯದಲ್ಲೇ ಬಾಗಿಲು ತೆಗೀತಿದ್ದೆ. ಅಷ್ಟು ವರ್ಷವೂ ಇವ್ರೇ ನಿಂತಿರ್ತಿದ್ರು."

ಕಂಪ್ಯೂಟರಿನ ಹಿಂದೆ ಗಂಡ ತಲೆ ಎತ್ತದೆ, ಆಗಲೇ ಬಿಗಿದಿದ್ದ ಸ್ಕ್ರೂವನ್ನೇ ಮತ್ತೆ ಬಿಗಿಯತೊಡಗಿದರು.