ಹಿಡಿ ಬದಲಿಸುವ ಹೊತ್ತು

ಕನ್ನಡಕದ ಅಂಗಡಿಯವನ ಕೆಲಸವೆಂದರೆ ದಿನವಿಡೀ ಬೇರೆಯವರಿಂದ ತೀರ್ಮಾನ ಮಾಡಿಸುವುದು. ಅರೆಗತ್ತಲ ಕೋಣೆಯಲ್ಲಿ ಗಿರಾಕಿಯನ್ನು ಕೂರಿಸಿ, ಕಣ್ಣಿನ ಮುಂದೆ ಒಂದು ಗಾಜು ಇಟ್ಟು ‘ಇದರಲ್ಲಿ ಚೆನ್ನಾಗಿ ಕಾಣುತ್ತಾ?’ ಎನ್ನುವುದು, ಅದನ್ನು ತೆಗೆದು ಇನ್ನೊಂದು ಇಟ್ಟು ‘ಇದರಲ್ಲಾ?’ ಎನ್ನುವುದು. ‘ಎರಡೂ ಒಂದೇ ಥರ ಇದೆ’ ಎನ್ನುವ ಗಿರಾಕಿಗಳನ್ನು ಕಂಡರೆ ಅವನಿಗೆ ಒಳಗೊಳಗೇ ಸಿಟ್ಟು. ಎರಡು ಗಾಜು ಒಂದೇ ಥರ ಇರಲು ಸಾಧ್ಯವಿಲ್ಲ, ನೋಡುವವನಿಗೆ ಧೈರ್ಯವಿಲ್ಲ ಅಷ್ಟೇ ಎಂದು ಅವನ ಅಭಿಪ್ರಾಯ. ಅವನ ಸ್ವಂತ ವಿಷಯಕ್ಕೆ ಬಂದರೆ, ಮದುವೆಯ ದಿನ ತೊಟ್ಟ ಅಂಗಿಯಿಂದ ಹಿಡಿದು ಅಂಗಡಿಯ ಬೋರ್ಡಿನ ಬಣ್ಣದವರೆಗೆ ಎಲ್ಲವನ್ನೂ ಬೇರೆಯವರೇ ಆರಿಸಿದ್ದರು. ಆಯುಷ್ಯದ ಮೊದಲರ್ಧ ಅಕ್ಕ, ಆಮೇಲಿನದು ಹೆಂಡತಿ.

ಅಂಥವನನ್ನು ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ ಮಾಡಿದ್ದರು. ಕಾರಣ ಸರಳವಾಗಿತ್ತು. ಕ್ಲಬ್ಬಿನಲ್ಲಿ ಗುಂಡು ಹಾರಿಸದವನು ಅವನೊಬ್ಬನೇ, ಆದ್ದರಿಂದ ಅವನು ಯಾರ ಪಕ್ಷವೂ ಅಲ್ಲ ಎಂದು ಎಲ್ಲರೂ ನಂಬಿದ್ದರು. ಅವನ ಅಕ್ಕ ಮತ್ತು ಅವನ ಹೆಂಡತಿ ಇಬ್ಬರೂ ಅದೇ ಕ್ಲಬ್ಬಿನ ಸದಸ್ಯರು ಎಂಬುದನ್ನು ಆ ಗಳಿಗೆಯಲ್ಲಿ ಯಾರೂ ಯೋಚಿಸಲಿಲ್ಲ.

ಇಬ್ಬರೂ ಹಾರಿಸುತ್ತಿದ್ದುದು ಫ್ರೀ ಪಿಸ್ತೂಲಿನಲ್ಲಿ. ಬಿಟ್ಟಿ ಸಿಗುವುದಾ ಎಂದು ನೆಂಟರು ಕೇಳಿ ಕೇಳಿ ಆ ತಮಾಷೆ ಸವೆದುಹೋಗಿತ್ತು. ನಿಯಮಗಳ ಕಾಟ ಕಡಿಮೆ ಇರುವ ಪಿಸ್ತೂಲು ಅದು. ಟ್ರಿಗರ್ ಎಷ್ಟು ಹಗುರವಿದ್ದರೂ ಕೇಳುವವರಿಲ್ಲ. ಬೆರಳು ಸೋಕಿತೋ ಇಲ್ಲವೋ, ಗುಂಡು ಹೊರಟಿರುತ್ತದೆ. ಒಂದು ಸಲಕ್ಕೆ ಒಂದೇ ಗುಂಡು, ಐವತ್ತು ಮೀಟರ್ ದೂರದಲ್ಲಿ ಗುರಿಹಲಗೆ, ಹಿಡಿಯುವುದು ಒಂದೇ ಕೈಯಲ್ಲಿ. ಅದರ ಮರದ ಹಿಡಿ ಅಂಗೈಯನ್ನು ಸುತ್ತಲೂ ತಬ್ಬಿಕೊಳ್ಳುವಂತೆ ಇರುತ್ತದೆ. ಚಪ್ಪಲಿಯನ್ನಾದರೂ ಇನ್ನೊಬ್ಬರದು ಹಾಕಿಕೊಂಡು ಬೀದಿ ಕೊನೆಯವರೆಗೆ ಹೋಗಿಬರಬಹುದು; ಇನ್ನೊಬ್ಬರ ಕೈಗೆ ಕೆತ್ತಿದ ಹಿಡಿಯೊಳಗೆ ಕೈ ತೂರಿಸಲಾಗದು.

ಅಕ್ಕನದು ಬಲಗೈ. ಅವಳ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಊರಿನ ಅರ್ಧ ಮುದುಕರು ಅವಳ ಕೈಯ ಹಲ್ಲಿನಲ್ಲೇ ನಗುತ್ತಿದ್ದರು. ಹೆಂಡತಿ ಎಡಗೈಯವಳು, ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಬಲಗೈಯವರಿಗೆಂದೇ ಮಾಡಿದ ಕತ್ತರಿಗಳನ್ನು ಹಿಡಿದು ಅವಳ ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಸುಮ್ಮನೆ ನೋಡಲೆಂದು ಗುಂಡು ಹಾರಿಸುವ ರೇಂಜಿಗೆ ಹೋದಾಗ ಅಕ್ಕ ಅವಳ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದಳು. ಮುಂದಿನ ಭಾನುವಾರದ ಹೊತ್ತಿಗೆ ಎಡಗೈಗೆಂದೇ ಒಂದು ಹಿಡಿ ಕೆತ್ತಿಕೊಂಡು ಬಂದಿದ್ದಳು. ಹುಟ್ಟಿದಾಗಿನಿಂದ ತನ್ನ ಕೈಗೆಂದು ಯಾರಾದರೂ ಮಾಡಿದ ಮೊದಲನೇ ವಸ್ತು ಅದು ಎಂದು ಹೆಂಡತಿ ಅವತ್ತು ಹೇಳಿದ್ದಳು. ತಾನು ಕೊಡಿಸಿದ ಉಂಗುರ ಯಾವ ಲೆಕ್ಕಕ್ಕೆ ಬಂತೆಂದು ಕನ್ನಡಕದವನು ಕೇಳಲು ಹೋಗಲಿಲ್ಲ.

ಅಲ್ಲಿಂದ ಮುಂದೆ ಕ್ಲಬ್ಬಿನ ಪಿಸ್ತೂಲು ಒಂದು, ಹಿಡಿ ಎರಡು. ಅಕ್ಕ ಒಂದು ಸುತ್ತು ಹಾರಿಸಿ, ಹಿಂದಿನ ಬೆಂಚಿಗೆ ಬಂದು ಕೈ ಚಾಚುವಳು. ಹೆಂಡತಿ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಡುವಳು. ಒಂದು ಸ್ಕ್ರೂ ಬಿಚ್ಚಿ, ಬಲದ ಹಿಡಿ ತೆಗೆದು, ಎಡದ್ದು ಕೂರಿಸಿ, ಮತ್ತೆ ಬಿಗಿಯುವುದು. ಅಷ್ಟು ಹೊತ್ತಿನಲ್ಲಿ ಇಬ್ಬರೂ ಮಾತಾಡುತ್ತಿದ್ದರು. ಬೇರೆ ಹೊತ್ತಿನಲ್ಲಿ ಅವರಿಬ್ಬರ ನಡುವೆ ಉಪ್ಪು ಎಲ್ಲಿದೆ, ಗ್ಯಾಸ್ ಬಂತಾ ಎನ್ನುವುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ಸ್ಕ್ರೂ ಬಿಚ್ಚುವಾಗ ಮಾತ್ರ ಎಲ್ಲ ವಿಷಯವೂ ಬರುತ್ತಿತ್ತು. ಹೆಚ್ಚಾಗಿ ಬರುತ್ತಿದ್ದುದು ಅವನ ವಿಷಯವೇ, ಅವನು ಅಲ್ಲೇ ಬೆಂಚಿನ ತುದಿಯಲ್ಲಿ ಕೂತಿದ್ದರೂ.

ಈಚೆಗೆ ಹೆಂಡತಿಯ ಅಂಕಗಳು ಅಕ್ಕನದನ್ನು ದಾಟತೊಡಗಿದ್ದವು. ಸ್ಕ್ರೂ ಬಿಗಿಯುವ ಹೊತ್ತು ತುಸು ಉದ್ದವಾಗಿತ್ತು, ಅಷ್ಟೇ, ಮಾತು ನಿಂತಿರಲಿಲ್ಲ.

ಹಾಗಿರುವಾಗ ಪಿಸ್ತೂಲಿನ ಉಕ್ಕಿನ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ರಿಪೇರಿಯವನು ಭೂತಗನ್ನಡಿಯಲ್ಲಿ ನೋಡಿ, ಇನ್ನು ಇದನ್ನು ಗೋಡೆಗೆ ನೇತುಹಾಕಿ ಎಂದ. ಹಳೆಯದನ್ನು ಒಪ್ಪಿಸಿ ಅದರ ಬದಲಿಗೆ ಒಂದೇ ಒಂದು ಹೊಸದನ್ನು ತರಲು ಕ್ಲಬ್ಬಿಗೆ ಅನುಮತಿ ಸಿಕ್ಕಿತು. ತರುವುದು ಕಾರ್ಯದರ್ಶಿಯ ಕೆಲಸ. ಅಕ್ಕ ತನಗೆ ಹಲ್ಲಿನ ಕೆಲಸ ಬಹಳ ಇದೆ ಎಂದಳು. ಹೆಂಡತಿ ಶಾಲೆ ಶುರುವಾಗುವ ಕಾಲ, ರಜೆ ಸಿಗಲ್ಲ ಎಂದಳು. ಒಬ್ಬಳು ಹೊರಟರೆ ಇನ್ನೊಬ್ಬಳೂ ಹೊರಡಬೇಕಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಬಂದೂಕಿನ ಅಂಗಡಿ ಅರ್ಧ ದಿನದ ಬಸ್ಸಿನ ದಾರಿ. ಅಂಗಡಿಯವನು ಎರಡು ಪೆಟ್ಟಿಗೆ ತಂದು ಮುಚ್ಚಳ ತೆರೆದ. ಒಂದು ಬಲಗೈಯದು, ಒಂದು ಎಡಗೈಯದು. ದೊಡ್ಡ ಕೂಟಗಳಲ್ಲಿ ಈ ಸ್ಪರ್ಧೆಯನ್ನೇ ಕೈಬಿಟ್ಟ ಮೇಲೆ ತಯಾರಕರು ಇದನ್ನು ಮಾಡುವುದು ನಿಲ್ಲಿಸಿದ್ದಾರೆ, ತನ್ನಲ್ಲಿ ಉಳಿದಿರುವುದು ಇವೆರಡೇ ಎಂದ. ಕನ್ನಡಕದವನು ತನ್ನ ಬಾಯಲ್ಲಿ ಸಿದ್ಧವಾಗಿದ್ದ ಒಂದೇ ಪ್ರಶ್ನೆಯನ್ನು ಕೇಳಿದ: ಹಿಡಿ ಬದಲಿಸಬಹುದಲ್ಲ?

“ಆಗಲ್ಲ ಸ್ವಾಮಿ. ಟ್ರಿಗರಿನ ವೈರು ಹಿಡಿಯೊಳಗೇ ಹೋಗಿದೆ. ಹೋಗ್ಲಿ, ಮರ ಬೇಕಾದ್ರೆ ಕೆತ್ತಬಹುದು ಅಂತಿಟ್ಕೊಳಿ, ಈ ಲಿವರ್ ಏನ್ಮಾಡ್ತೀರಿ? ಗುಂಡು ತುಂಬೋಕೆ ಇದನ್ನ ಎತ್ತಿದ್ರೆ ಇನ್ನೊಂದು ಕೈಯವರ ಗೆಣ್ಣಿಗೇ ಬಡಿಯುತ್ತೆ. ಎಡವೋ, ಬಲವೋ? ಅಷ್ಟು ಹೇಳಿ ಸಾಕು.”

ಕನ್ನಡಕದವನು ಬಲಗೈಯದನ್ನು ಬಲಗೈಯಲ್ಲಿ ತೆಗೆದುಕೊಂಡ. ಆಮೇಲೆ ಎಡಗೈಯದನ್ನು ಎಡಗೈಯಲ್ಲಿ. ಎರಡೂ ನಳಿಗೆಗಳು ನೆಲ ನೋಡುತ್ತಿದ್ದವು. ಇದರಲ್ಲಾ, ಅದರಲ್ಲಾ ಎಂದು ತನ್ನನ್ನು ತಾನೇ ಕೇಳಿಕೊಂಡ. ಎರಡೂ ಒಂದೇ ಥರ ಇದ್ದವು. ಇಷ್ಟು ವರ್ಷದ ವ್ಯಾಪಾರದಲ್ಲಿ ಎರಡನ್ನೂ ಒಟ್ಟಿಗೆ ಹಿಡಿದವರನ್ನು ನೋಡಿರಲಿಲ್ಲ ಎಂದು ಅಂಗಡಿಯವನು ಹೇಳಿ, ಎರಡನ್ನೂ ಮೆಲ್ಲಗೆ ಬಿಡಿಸಿಕೊಂಡ.

ಒಂದು ಫೋನ್ ಮಾಡಿ ಬರುತ್ತೇನೆಂದು ಅವನು ಹೊರಗೆ ಬಂದ. ಬೇಗ ಬನ್ನಿ, ಬೇರೆಯವರೂ ಕೇಳಿದ್ದಾರೆ ಎಂದು ಅಂಗಡಿಯವನು ಹಿಂದಿನಿಂದ ಹೇಳಿದ್ದು ಕೇಳಿಸಿತು.

ಮೊದಲು ಹೆಂಡತಿಗೆ ಮಾಡಿದ. ಹಿಂದೆ ಹೊಲಿಗೆ ಯಂತ್ರಗಳ ಗದ್ದಲ.

“ಅತ್ತಿಗೆ ಕೈಗೆ ಆಗೋದೇ ತಗೊಳ್ಳಿ. ನನ್ನದೇನು, ನಿನ್ನೆ ಮೊನ್ನೆ ಕಲಿತವಳು.”

“ನಿಜವಾಗ್ಲೂ?”

“ನಿಜ ಕಣ್ರೀ. ಇಷ್ಟು ವರ್ಷ ಆದ್ಮೇಲೂ ನನ್ನನ್ನ ಕೇಳ್ಬೇಕಾ?”

ಏನನ್ನು ಕೇಳಬಾರದಿತ್ತು ಎನ್ನುವುದು ಅವನಿಗೆ ಹೊಳೆಯಲಿಲ್ಲ. ಅಕ್ಕನಿಗೆ ಮಾಡಿದ.

“ಅವಳಿಗೇ ತಗೊಳೋ ಪುಟ್ಟಾ. ನನ್ನ ಕಣ್ಣು ಇನ್ನೆಷ್ಟು ದಿನ.”

“ನಿನ್ನ ಕಣ್ಣು ಚೆನ್ನಾಗಿದೆಯಲ್ಲಕ್ಕಾ. ಹೋದ ತಿಂಗಳು ನಾನೇ ನೋಡಿದೀನಿ.”

ಅತ್ತ ಕಡೆ ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವ ಸಣ್ಣ ಯಂತ್ರದ ಸದ್ದು ಜೋರಾಯಿತು.

“ಹಂಗಾದ್ರೆ ನೀನೇ ಯೋಚನೆ ಮಾಡು,” ಎಂದು ಅಕ್ಕ ಫೋನಿಟ್ಟಳು.

ಅವನು ಅಂಗಡಿಯ ಮುಂದಿನ ಫುಟ್‌ಪಾತಿನ ಮೇಲೆ ನಿಂತು ಯೋಚಿಸಿದ. ಬಲಗೈಯದು ಕೊಂಡರೆ ಹೆಂಡತಿ ಏನೂ ಹೇಳುವುದಿಲ್ಲ, ವರ್ಷಗಟ್ಟಲೆ ಏನೂ ಹೇಳುವುದಿಲ್ಲ. ಎಡಗೈಯದು ಕೊಂಡರೆ ಅಕ್ಕ ‘ಒಳ್ಳೇದಾಯ್ತು ಬಿಡು’ ಎನ್ನುತ್ತಾಳೆ. ಆ ‘ಬಿಡು’ವನ್ನು ಅವನು ಎರಡನೇ ಕ್ಲಾಸಿನಿಂದ ಬಲ್ಲ. ಏನನ್ನೂ ಕೊಳ್ಳದೆ ಹೋದರೆ ಇಬ್ಬರೂ ಒಂದಾಗಿ ಅವನನ್ನು ಹಿಡಿದುಕೊಳ್ಳುತ್ತಾರೆ. ಅದೊಂದು ಸಮಾಧಾನವೇ ಆದರೂ ಅದನ್ನು ತಾಳಿಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಅವನ ಪಕ್ಕದಿಂದಲೇ ಒಬ್ಬ ದಪ್ಪ ಮನುಷ್ಯ ಅಂಗಡಿಯೊಳಗೆ ಹೋದ, ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಹಿಡಿದು ಹೊರಬಂದ. ಸೋಪು ಕೊಂಡು ಹೋಗುವವನ ನಡಿಗೆ ಅವನದು.

ಒಳಗೆ ಮೇಜಿನ ಮೇಲೆ ಒಂದೇ ಪೆಟ್ಟಿಗೆ ಇತ್ತು.

“ಎಡಗೈಯದು ಹೋಯ್ತು. ಡಾಕ್ಟ್ರು ತಗೊಂಡ್ರು, ದನದ ಡಾಕ್ಟ್ರು,” ಎಂದ ಅಂಗಡಿಯವನು. “ಕಾಯ್ತಾ ಕೂರೋಕೆ ಇದೇನು ಬಸ್ ಸ್ಟಾಪಾ?”

ಕನ್ನಡಕದವನಿಗೆ ಬೆನ್ನ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು. ಅಂಗಡಿಯವನಿಗೆ ಥ್ಯಾಂಕ್ಸ್ ಕೂಡ ಹೇಳಿದ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಮಾಡಿದ. ಹೇಳಬೇಕಾದ ಮಾತು ಒಂದೇ ಸಾಲಿನದು, ಅದೂ ಪೂರ್ತಿ ನಿಜ: ಅದೊಂದೇ ಉಳಿದಿತ್ತು.

ಆದರೆ ಆ ಮಾತನ್ನು ಅವನು ಹಿಂದೆಯೂ ಬಹಳ ಸಲ ಬಳಸಿದ್ದ. ಬಾಳೆಹಣ್ಣು ಕಪ್ಪಾಗಿದ್ದಾಗ, ಪರದೆ ಬಟ್ಟೆಯ ಬಣ್ಣ ತಪ್ಪಿದಾಗ, ಸಿನಿಮಾದ ಮುಂದಿನ ಸಾಲಿನ ಟಿಕೆಟ್ ತಂದಾಗ. ಹೆಂಡತಿ ಪೆಟ್ಟಿಗೆ ತೆರೆದು ನೋಡಿದಳು. ಎಡಗೈಯನ್ನು ಹಿಡಿಯ ಹತ್ತಿರ ಒಯ್ದು, ಮುಟ್ಟದೆ, ಮುಚ್ಚಳ ಹಾಕಿದಳು.

“ಒಳ್ಳೇದಾಯ್ತು. ಅತ್ತಿಗೆಗೆ ಅಂತಲೇ ನಾನೂ ಹೇಳಿದ್ದು.”

“ಅದೊಂದೇ ಉಳಿದಿತ್ತು ಕಣೇ. ಎಡದ್ದು ದನದ ಡಾಕ್ಟ್ರು...”

“ದನದ ಡಾಕ್ಟ್ರು,” ಎಂದಳು ಹೆಂಡತಿ. ಅವನಿಗೇ ಅದು ಸುಳ್ಳಿನಂತೆ ಕೇಳಿಸಿತು. ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ಅವಳು ಕೇಳಿದಳು: “ನಿಜ ಹೇಳಿ. ಎರಡೂ ಇದ್ದಿದ್ರೆ ಯಾವುದು ತರ್ತಿದ್ರಿ?”

ಅವನು ಪ್ರಾಮಾಣಿಕವಾಗಿ ಒಳಗೆಲ್ಲ ಹುಡುಕಿದ.

“ಎರಡೂ ಇದ್ದಿದ್ರೆ ನಾನಿನ್ನೂ ಅಲ್ಲೇ ನಿಂತಿರ್ತಿದ್ದೆ.”

ಆ ಒಂದು ಮಾತನ್ನು ಅವಳು ನಂಬಿದಳು. ನಕ್ಕಳು ಕೂಡ. ಆ ನಗುವಿನಲ್ಲಿ ಅವನಿಗೆ ಕ್ಷಮೆ ಎಲ್ಲೂ ಕಾಣಲಿಲ್ಲ.

ಅಕ್ಕ ಬೇರೆ ಥರ ಅರ್ಥ ಮಾಡಿಕೊಂಡಳು. ಚೆನ್ನಾಗಿ ಹೊಡೆಯುವವಳು ಅವಳಿರುವಾಗ ವಯಸ್ಸಾದವಳಿಗೆ ತಂದಿದ್ದೀಯಲ್ಲ, ಇದು ಬಹುಮಾನವಲ್ಲ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ ಎಂದಳು. ಅವನು ದನದ ಡಾಕ್ಟರನ್ನು ಮತ್ತೆ ಕರೆತಂದ. ಅಕ್ಕ ಕೈಯಲ್ಲಿದ್ದ ಹಲ್ಲಿನ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತ, ಅವನ ಬದಲು ಆ ಹಲ್ಲಿಗೆ ‘ಒಳ್ಳೇದಾಯ್ತು ಬಿಡು’ ಎಂದಳು. ಎರಡು ಮನೆಯಲ್ಲೂ ಅವನು ಆರಿಸಿದ್ದಾನೆ ಎಂದೇ ತೀರ್ಮಾನವಾಯಿತು. ಜೀವಮಾನದಲ್ಲಿ ಅವನು ಮಾಡಿದ ಒಂದೇ ಆಯ್ಕೆ ಅವನು ಮಾಡದೇ ಇದ್ದ ಆಯ್ಕೆಯಾಗಿತ್ತು.

ಭಾನುವಾರ ಮೂವರೂ ರೇಂಜಿಗೆ ಹೋದರು. ಬರುವುದಿಲ್ಲ ಎಂದು ಹೇಳಿದರೆ ಅದಕ್ಕೆ ಅರ್ಥ ಹುಟ್ಟಿಬಿಡುತ್ತದೆಂದು ಹೆಂಡತಿ ಬಂದಿದ್ದಳು. ಎಂದಿನ ಚೀಲ ಹೆಗಲಲ್ಲಿತ್ತು. ಅವಳು ಬೇಡವೆಂದರೂ ಅಕ್ಕ ಮೊದಲು ಅವಳ ಕೈಗೇ ಪಿಸ್ತೂಲು ಕೊಟ್ಟಳು. ಹೆಂಡತಿ ಎಡಗೈಯನ್ನು ಆ ಹಿಡಿಗೆ ಹೊರಗಿನಿಂದಲೇ ಒಡ್ಡಿ ನೋಡಿದಳು. ಖಾಲಿ ಪಿಸ್ತೂಲಿನ ಲಿವರ್ ಎತ್ತಿದಾಗ, ಅಂಗಡಿಯವನು ಹೇಳಿದಂತೆಯೇ, ಅದು ಗೆಣ್ಣಿಗೆ ಬಡಿಯಿತು.

“ಆಗಲ್ಲ ಅತ್ತಿಗೆ. ನೀವು ಹೊಡೀರಿ.”

ಅಕ್ಕ ಹೊಡೆದಳು. ಒಂದು ಗುಂಡು, ತೋಳು ಇಳಿಸಿ ಉಸಿರು, ಮತ್ತೊಂದು ಗುಂಡು. ಹೊಸ ಪಿಸ್ತೂಲು ಚೆನ್ನಾಗಿತ್ತು. ದುರ್ಬೀನಿನಲ್ಲಿ ನೋಡಿದ ಹೆಂಡತಿ ಎರಡು ಸಲ ‘ಹತ್ತು’ ಎಂದಳು, ಒಂದು ಸಲ ‘ಒಂಬತ್ತು, ಅಂಚಿಗೆ’ ಎಂದಳು.

ಸುತ್ತು ಮುಗಿಯಿತು. ಅಕ್ಕ ಪಿಸ್ತೂಲನ್ನು ಖಾಲಿ ಮಾಡಿ, ಹಿಂದಿನ ಬೆಂಚಿಗೆ ಬಂದು ಕೂತು, ಗುರಿಹಲಗೆಯ ಕಡೆಗೇ ನೋಡುತ್ತ ಕೈ ಚಾಚಿದಳು. ಹೆಂಡತಿ ಚೀಲಕ್ಕೆ ಕೈ ಹಾಕಿ ಸ್ಕ್ರೂಡ್ರೈವರ್ ತೆಗೆದು ಆ ಅಂಗೈಯಲ್ಲಿಟ್ಟಳು.

ಆಮೇಲೆ ಇಬ್ಬರೂ ಅದನ್ನು ನೋಡಿದರು.

ಅಕ್ಕ ಪಿಸ್ತೂಲನ್ನು ಆಚೆ ಈಚೆ ತಿರುಗಿಸಿದಳು. ಆ ಸ್ಕ್ರೂಡ್ರೈವರ್ ಕೂರುವಂಥ ಸ್ಕ್ರೂ ಹೊಸದರಲ್ಲಿ ಎಲ್ಲೂ ಇರಲಿಲ್ಲ. ಹೆಂಡತಿ ಚೀಲದ ಬಾಯಿ ಕಟ್ಟುತ್ತ, ಬಸ್ಸಿಗೆ ಹೊತ್ತಾಯಿತೇನೋ ಎಂದಳು. ಇನ್ನೂ ಹೊತ್ತಾಗಿರಲಿಲ್ಲ, ಅದು ಮೂವರಿಗೂ ಗೊತ್ತಿತ್ತು. ಅಕ್ಕ ಹೌದೆಂದಳು.

ಬೆಂಚಿನ ತುದಿಯಲ್ಲಿ ಕೂತಿದ್ದ ಕನ್ನಡಕದವನು ಈಗ ತಾನು ಏನಾದರೂ ಹೇಳಬೇಕು ಎಂದುಕೊಂಡ. ತನ್ನ ಬಗ್ಗೆಯೇ ಏನಾದರೂ ಎತ್ತಿಕೊಟ್ಟರೆ ಇವರಿಬ್ಬರೂ ಮಾತಿಗೆ ಹತ್ತಬಹುದು ಎನಿಸಿತು. ಗೊರಕೆಯ ವಿಷಯವಾ, ಪರದೆ ಬಟ್ಟೆಯ ವಿಷಯವಾ ಎಂದು ಅವನು ತೂಗಿ ನೋಡುತ್ತಿರುವಾಗಲೇ ಇಬ್ಬರೂ ಎದ್ದು ನಿಂತಿದ್ದರು.

“ಇದನ್ನ ನೀನಿಟ್ಕೋ,” ಎಂದು ಅಕ್ಕ ಸ್ಕ್ರೂಡ್ರೈವರನ್ನು ಅವನಿಗೆ ಕೊಟ್ಟಳು.

ಅಂಗಿಗೆ ಎರಡು ಕಡೆಯೂ ಜೇಬಿತ್ತು. ಅಕ್ಕ ಅವನ ಬಲಕ್ಕೆ ನಡೆಯುತ್ತಿದ್ದಳು, ಹೆಂಡತಿ ಎಡಕ್ಕೆ. ಅವನು ಅದನ್ನು ಮನೆ ಮುಟ್ಟುವವರೆಗೆ ಕೈಯಲ್ಲೇ ಹಿಡಿದುಕೊಂಡಿದ್ದ.