ಹದಿನೇಳನೇ ಡ್ರಮ್ಮಿನ ಇನ್ನೊಂದು ಹೆಸರು

ಡೈಲಾಗ್ ಹೊಡೆಯದೆ ಹಣಮಂತ್ರಾಯನಿಗೆ ಬೆಳಗಾಗುತ್ತಿರಲಿಲ್ಲ. ಪುಣೆ ಕ್ಯಾಂಪಿನಲ್ಲಿ ಬೇಕರಿಯೊಂದರ ಮೇಲಿದ್ದ ಆ ಸಣ್ಣ ಕಂಪ್ಯೂಟರ್ ಆಫೀಸಿನ ಬಾಗಿಲನ್ನು ಅವನು ಎಲ್ಲರಂತೆ ಕೈಯಿಂದ ತಳ್ಳುವವನಲ್ಲ. ಸಿನಿಮಾ ಹೀರೋನಂತೆ ಭುಜದಿಂದ ನೂಕಿ, ಹೊಸ್ತಿಲಲ್ಲಿ ಅರೆಗಳಿಗೆ ನಿಂತು, ಕ್ರಾಪು ಸರಿಮಾಡಿಕೊಂಡೇ ಒಳಗೆ ಬರುತ್ತಿದ್ದ. ಶಿಳ್ಳೆ ಹೊಡೆಯಲು ಒಳಗೆ ಯಾರೂ ಇರುತ್ತಿರಲಿಲ್ಲ. ಹಿರಿಯ ಪ್ರೋಗ್ರಾಮರ್ ಭಾಮಾ ಒಬ್ಬಳಿರುತ್ತಿದ್ದಳು, ಅವಳು ತಲೆಯನ್ನೇ ಎತ್ತುತ್ತಿರಲಿಲ್ಲ.

೧೯೮೯ರ ಆ ಶುಕ್ರವಾರ ಮಾತ್ರ ಹೀರೋ ಕ್ರಾಪು ಸರಿಮಾಡಿಕೊಳ್ಳುವುದನ್ನೇ ಮರೆತಿದ್ದ. ಅವನ ಆರು ತಿಂಗಳ ಪರೀಕ್ಷಾ ಅವಧಿ ಅಂದಿಗೆ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಮಾಲೀಕರಾದ ಮೋಹನದಾಸರು ಅವನನ್ನು ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಮನೆಗೆ ಕಳಿಸಿದರೆ ಬಿಬವೇವಾಡಿಯಲ್ಲಿ ಸೋದರಮಾವ ಗುರಣ್ಣ ದುಡಿಯುತ್ತಿದ್ದ ಕಟ್ಟಡದಲ್ಲಿ ಗೋಡೆಗೆ ನೀರು ಹೊಡೆಯುವ ಕೆಲಸ ಕಾದೇ ಇತ್ತು. ಅದಕ್ಕೆ ಅವನೇನೂ ಅಂಜುವವನಲ್ಲ. ಆದರೆ ಗಾರೆ ಬುಟ್ಟಿ ಹೊತ್ತು ಅವನನ್ನು ಓದಿಸಿದ ಅವ್ವ ಸಾಬವ್ವ, ‘ನನ್ ಮಗಾ ಕಾಯಂ ಆದಾ’ ಎಂದು ಎರಡು ದಿನ ಮೊದಲೇ ಓಣಿಯ ತುಂಬ ಸಕ್ಕರೆ ಹಂಚಿಬಿಟ್ಟಿದ್ದಳು. ಜನರ ಹೊಟ್ಟೆಗಿಳಿದ ಸಕ್ಕರೆಯನ್ನು ವಾಪಸು ಕೇಳುವುದು ಹೇಗೆ?

ಅಂದು ಮಧ್ಯಾಹ್ನ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಉಗ್ರಾಣಾಧಿಕಾರಿ ಬಂದು, ಅವರಿಗಾಗಿ ಮಾಡಿದ ಪ್ರೋಗ್ರಾಮನ್ನು ನೋಡುವವರಿದ್ದರು. ಯಾವ ಡ್ರಮ್ಮು ಯಾವ ಸ್ಥಿತಿಯಲ್ಲಿದೆ ಎಂದು ಹೇಳುವ ಪ್ರೋಗ್ರಾಮು ಅದು. ಕಾರ್ಖಾನೆಯವರೇ ಕಳಿಸಿದ ನಲವತ್ತು ಡ್ರಮ್ಮುಗಳ ಪಟ್ಟಿಯನ್ನು ಹಣಮಂತ್ರಾಯ ಕಂಪ್ಯೂಟರಿಗೆ ಉಣಿಸಿದ್ದ. ಉಳಿದದ್ದೆಲ್ಲ ಭಾಮಾಳ ಕೈಕೆಲಸ. ಸುತ್ತಲಿನವರೆಲ್ಲ ಹಳೆಯ ಭಾಷೆಗಳಲ್ಲೇ ಹೆಣಗುತ್ತಿರುವಾಗ ಅವಳು ಸಿ ಪ್ಲಸ್ ಪ್ಲಸ್ ಎಂಬ ಹೊಸದನ್ನು ಹಿಡಿದು ಕೂತಿದ್ದಳು.

‘ನೋಡಪಾ, ಡ್ರಮ್ಮಿಗೆ ಇರೂವು ನಾಕ ಅವಸ್ಥಾ,’ ಎಂದು ಅವಳು ಊಟಕ್ಕೆ ಏಳುವ ಮೊದಲು ಪಾಠ ಹೇಳಿದಳು. ‘ಖಾಲಿ, ತುಂಬಿದ್ದು, ಪರೀಕ್ಷಾಕ್ಕ ಹೋಗಿದ್ದು, ಕೆಟ್ಟದ್ದು. ಇದಕ್ಕ ಎನಮ್ ಅಂತಾರ. ಮೊದಲ ಪಟ್ಟಿ ಮಾಡಿ ಬಾಗಲಾ ಹಾಕಿಬಿಡೂದು. ಐದನೇದು ಒಳಗ ಬರಂಗಿಲ್ಲ.’

ಹಣಮಂತ್ರಾಯ ಅಂಗಿಯ ಕಾಲರ್ ಎತ್ತಿದ. ಡೈಲಾಗ್ ಬಂದರೆ ಅವನ ಕನ್ನಡ ಬೆಂಗಳೂರಿನ ರೈಲು ಹತ್ತುತ್ತಿತ್ತು. ‘ಬಾಗಿಲು ಹಾಕೋದು ನಿಮ್ಮ ಕೆಲಸ ಭಾಮಕ್ಕ. ಅದನ್ನ ಒಡೆದು ಬರೋದು ಈ ಗಂಡಿನ ಕೆಲಸ!’

‘ಬಾ. ತಪ್ಪ ಹಿಡಿಯೂ ಕಂಪೈಲರ್ ಅದ, ಒದ್ದು ಹೊರಗ ಹಾಕತದ. ಅದಕ್ಕ ನಿನ್ನ ಡೈಲಾಗ್ ತಿಳಿಯಂಗಿಲ್ಲ,’ ಎಂದು ಭಾಮಾ ಬುತ್ತಿ ಹಿಡಿದು ಊಟಕ್ಕೆ ಹೋದಳು.

ಕೋತಿಗೆ ಹೆಂಡ ಕುಡಿಸಿದಂತಾಯಿತು. ಹಣಮಂತ್ರಾಯ ಅವಳ ಕುರ್ಚಿಯಲ್ಲಿ ಕೂತು, ನಾಲ್ಕು ಹೆಸರಿದ್ದ ಪಟ್ಟಿಗೆ ಐದನೆಯದನ್ನು ಸೇರಿಸಿದ: ವಿಲನ್. ಪಟ್ಟಿಯಲ್ಲೇ ಹೆಸರಿದ್ದ ಮೇಲೆ ಕಂಪೈಲರ್ ತಕರಾರು ಮಾಡಲಿಲ್ಲ. ಆಮೇಲೆ ಹದಿನೇಳನೇ ಡ್ರಮ್ಮಿನ ಒಂದು ಪ್ರತಿ ತೆಗೆದು, ಆ ಪ್ರತಿಗೆ ‘ಭಾಮಾ’ ಎಂದು ಹೆಸರಿಟ್ಟು, ಅದನ್ನು ವಿಲನ್ ಮಾಡಿದ. ಮಾಡಿದ್ದು ಪ್ರತಿಯನ್ನೇ ಎಂದು ಅವನ ನಂಬಿಕೆ. ಸಾಲು ಬರೆಯುವಾಗ ಭಾಮಾ ಅಲ್ಲಲ್ಲಿ ಹಾಕಿದ್ದ ‘&’ ಎಂಬ ಸುರುಳಿ ಗುರುತನ್ನು ಅವನೂ ಹಾಕಿದ್ದ. ಪುಟದ ನೆತ್ತಿಯ ಮೇಲೆ ‘ಶ್ರೀ’ ಬರೆಯುತ್ತಾರಲ್ಲ, ಅಂಥದ್ದೇನೋ ಶುಭಕ್ಕೆ ಇರಬೇಕು ಎಂದುಕೊಂಡಿದ್ದ.

‘ಭಾಮಾ: ವಿಲನ್’ ಎಂದು ತೆರೆಯ ಮೇಲೆ ಮೂಡಿತು. ಒಬ್ಬನೇ ಕಿಸಕಿಸ ನಕ್ಕ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮೋಹನದಾಸರ ದನಿ, ಜೊತೆಗೊಂದು ಅಪರಿಚಿತ ಕೆಮ್ಮು. ಅತಿಥಿ ಒಂದು ಬಸ್ಸು ಮೊದಲೇ ಬಂದಿದ್ದರು! ಹಣಮಂತ್ರಾಯ ತಡಬಡಿಸಿ, ಆ ಹೆಸರನ್ನು ತೆರೆಗೆ ತರುವ ಸಾಲನ್ನು ಮಾತ್ರ ಅಳಿಸಿದ. ಉಳಿದದ್ದು ಇದ್ದರೇನು, ಪ್ರತಿಗೆ ಮಸಿ ಬಳಿದರೆ ಅಸಲಿಗೆ ಅಂಟುತ್ತದೆಯೇ?

ಬಂದವರು ಹೊಳಬಸಪ್ಪ. ಕನ್ನಡಕವನ್ನು ದಾರದಿಂದ ಕೊರಳಿಗೆ ಕಟ್ಟಿಕೊಂಡ, ನಗುವೆಂದರೇನೆಂದು ಕೇಳುವಂಥ ಮುಖದ ಮನುಷ್ಯ. ಊಟ ಅರ್ಧಕ್ಕೆ ಬಿಟ್ಟು ಬಂದ ಭಾಮಾ ಪ್ರೋಗ್ರಾಮ್ ಓಡಿಸಿದಳು. ಪ್ರಿಂಟರು ಕರಕರ ಸದ್ದು ಮಾಡುತ್ತ ಪಟ್ಟಿಯನ್ನು ಹೊರಗೆ ಬಿಟ್ಟಿತು. ಹೊಳಬಸಪ್ಪನವರ ಬೆರಳು ಒಂದೊಂದೇ ಸಾಲು ಇಳಿದು ಹದಿನೇಳರ ಮೇಲೆ ನಿಂತಿತು.

‘ಹಾ ವಿಲನ್ ಕೋಣ್?’ ಈ ವಿಲನ್ ಯಾರು ಎಂದು ಮರಾಠಿಯಲ್ಲಿ ಕೇಳಿದರು.

ಹಣಮಂತ್ರಾಯ ಪ್ರಿಂಟರಿನ ಹಿಂದೆ ಸರಿದ. ಮೋಹನದಾಸರು ಭಾಮಾಳತ್ತ ತಿರುಗಿದರು. ‘ಭಾಮಾ, ಏನವಾ ಇದು?’

‘ಅರೆ, ನಮ್ ಕಡಿಯವರ ಏನ್ರಿ ನೀವು?’ ಹೊಳಬಸಪ್ಪನವರ ಹುಬ್ಬು ಮೇಲೇರಿತು. ‘ಮತ್ತ ಇಷ್ಟೊತ್ತು ಮರಾಠಿ ಯಾಕ ಮಾತಾಡಿಸಿದ್ರಿ ನನ್ನ? ಇರ್ಲಿ. ಈ ವಿಲನ್ ನನಗ ತಿಳೀತು ಬಿಡ್ರಿ. ನಾನ ಹೇಳಾಂವ ಇದ್ನಿ, ನೀವು ಮಾಡೇಬಿಟ್ಟೀರಿ. ಖಾಲಿ ಅಂದ್ರ ಎಲ್ಲಾ ಒಂದ ಖಾಲಿ ಅಲ್ರಿ. ತೊಳದದ್ದ ಬ್ಯಾರೆ, ತೊಳೀಲಾರದ್ದ ಬ್ಯಾರೆ. ತೊಳೀಲಾರದ್ದು ನೋಡಾಕ ಭಾಳ ಸಂಭಾವಿತ, ಒಳಗ ಬೆಂಕಿ ಹಿಡಿಯೂ ಹಬಿ ತುಂಬಿರತದ. ಬಾಜೂಕ ನಿಂತು ಒಬ್ಬಾಂವ ಬೀಡಿ ಹಚ್ಚಲಿ, ಅಂವಾ ಮ್ಯಾಲ, ಬೀಡಿ ಕೆಳಗ! ವಿಲನ್ ಅಂದದ್ದು ಬರೋಬ್ಬರಿ ಅದ.’

ಮೋಹನದಾಸರ ಮುಖ ಅರಳಿತು. ‘ಯಾರ ತಲಿಯಾಗ ಬಂತಿದು?’

ಭಾಮಾ ಹಣಮಂತ್ರಾಯನನ್ನು ನೋಡಿದಳು. ಅಂಥ ಕೆಲಸ ಆ ಕೋಣೆಯಲ್ಲಿ ಮತ್ಯಾರದೂ ಇರಲಾರದು ಎಂದು ಅವಳಿಗೆ ಗೊತ್ತಿತ್ತು. ‘ನಂದ ರೀ ಸರ’ ಎನ್ನುವುದಷ್ಟೇ ಬಾಕಿ, ಅವನು ನಿಂತಲ್ಲೇ ಕಾಯಂ. ಅವನು ಬಾಯಿಯನ್ನೂ ತೆರೆದ.

ಆದರೆ ಹೊಳಬಸಪ್ಪನವರು ಫೋನಿನತ್ತ ಕೈ ಮಾಡಿದ್ದರು. ‘ಒಂದ ಟ್ರಂಕ್ ಕಾಲ್ ಹಚ್ಚಿ ಕೊಡ್ರಿ. ಮಗಳ ಲಗ್ನಕ್ಕಂತ ಎಂಟ ದಿನ ರಜಾದಾಗ ಇದ್ನಿ, ಹದಿನೇಳನೇದು ಖಾಲಿ ಆದದ್ದ ಗೊತ್ತಿಲ್ಲ ನನಗ. ಇವತ್ತ ಮುಚ್ಚಳಾ ತಗದು ತೊಳದಬಿಡ್ರಿ ಅಂತ ಹುಡುಗರಿಗೆ ಹೇಳತೀನಿ.’

ಹದಿನೇಳನೇ ಡ್ರಮ್ಮಿನ ವಿವರವನ್ನು ಹಣಮಂತ್ರಾಯ ತನ್ನ ಕೈಯಾರೆ ಒತ್ತಿದ್ದ. ತುಂಬಿದ್ದು. ಆಸಿಡ್. ಕುರಕುಂಭದಲ್ಲಿ ಯಾರೋ ಬಗ್ಗಿ ಆ ಮುಚ್ಚಳ ತೆಗೆಯುವುದು ಅವನ ಕಣ್ಣಿಗೆ ಕಟ್ಟಿತು. ತೊಳೆಯುವ ಕೆಲಸಕ್ಕೆ ಇರುವವರು ಅವನ ಅವ್ವನಂಥವರೇ.

‘ಫೋನ್ ಇಡ್ರಿ ಸರ!’ ಎಂದು ಕೂಗಿದ. ಡೈಲಾಗ್ ಅಲ್ಲ, ಕಿರುಚಾಟ. ‘ಅದು ತುಂಬಿದ ಡ್ರಮ್ಮ ರೀ, ಆಸಿಡ್ ಅದ. ವಿಲನ್ ಅಂತ ಬರದಾಂವ ನಾನ. ಭಾಮಕ್ಕನ್ನ ಕಾಡಸಾಕ ಚ್ಯಾಷ್ಟಿ ಮಾಡೀನ್ರಿ. ಆದ್ರ ನಾ ಬರದದ್ದು ಪ್ರತಿಯೊಳಗ, ಅಸಲಿಗೆ ಹೆಂಗ ಹೋತೋ ದೇವರಾಣಿ ಗೊತ್ತಿಲ್ಲ.’

ಭಾಮಾ ಬಗ್ಗಿ ತೆರೆ ನೋಡಿ, ಆ ಸುರುಳಿ ಗುರುತಿನ ಮೇಲೆ ಉಗುರಿಟ್ಟಳು.

‘ಇದನ್ಯಾಕ ಹಾಕಿದಿ?’

‘ನೀವು ಹಾಕತೀರಲ್ಲಾ... ಛಲೋ ಆಗಲಿ ಅಂತ.’

‘ಛಲೋ ಆತು! ಮನ್ಯಾಗ ನಿನಗ ಏನಂತ ಕರೀತಾರ?’

‘ಹಣಮ್ಯಾ.’

‘ಈಗ ನಾ ಹಣಮ್ಯಾನ ಕಪಾಳಕ್ಕ ಒಂದ ಬಿಟ್ರ, ಹಣಮಂತ್ರಾಯನ ಗಲ್ಲ ಕೆಂಪಾಗತದೋ ಇಲ್ಲೋ?’

ಹಣಮಂತ್ರಾಯ ಗಲ್ಲ ಮುಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ‘ಆಗತದ.’

‘ಇದಕ್ಕ ರೆಫರೆನ್ಸ್ ಅಂತಾರ. ಈ ಗುರುತ ಹಾಕಿದ್ರ ಪ್ರತಿ ಆಗಂಗಿಲ್ಲ, ಅದ ಡ್ರಮ್ಮಿಗೆ ಎರಡನೇ ಹೆಸರಿಟ್ಟಂಗ. ಭಾಮಾನ್ನ ವಿಲನ್ ಮಾಡಿದಿ, ಹದಿನೇಳನೇದು ವಿಲನ್ ಆತು. ಗುರುತ ಹಾಕಲಿಲ್ಲಂದ್ರ ಪ್ರತಿ ಆಗತಿತ್ತು, ನಾ ಒಬ್ಬಾಕಿನ ವಿಲನ್ ಆಗಿರ್ತಿದ್ನಿ.’

ಹೊಳಬಸಪ್ಪನವರು ಕನ್ನಡಕ ತೆಗೆದು ಒರೆಸಿದರು, ಹಾಕಿದರು, ಮತ್ತೆ ತೆಗೆದು ಒರೆಸಿದರು. ‘ಒಂದ ಮುಚ್ಚಳಾ ತಗದಿದ್ರ ನಾಕ ಮಂದಿ ಕಣ್ಣ ಹೋಗತಿದ್ವು ತಮ್ಮಾ,’ ಎಂದರು ಮೆಲ್ಲಗೆ. ಬೈದಿದ್ದರೆ ಹಣಮಂತ್ರಾಯನಿಗೆ ಹಗುರಾಗುತ್ತಿತ್ತು.

‘ಇವನ ಲೆಟರ್ ಇವತ್ತ ಟೈಪ್ ಮಾಡಸತೀನ್ರಿ,’ ಎಂದರು ಮೋಹನದಾಸರು. ಯಾವ ಲೆಟರ್ ಎಂದು ಯಾರೂ ಕೇಳಬೇಕಾಗಿರಲಿಲ್ಲ.

‘ಟೈಪಾ? ಯಾಕ್ರಿ?’ ಹೊಳಬಸಪ್ಪನವರು ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡರು. ‘ತಪ್ಪ ಮಾಡಿ ಬಾಯಿ ಬಿಡಾವ್ರು ನಮ್ಮ ಗೋಡೌನಿನ್ಯಾಗ ಒಬ್ಬರೂ ಇಲ್ಲ. ಐದನೇ ಅವಸ್ಥಾ ಇರ್ಲಿ, ಆ ಹೆಸರ ಮಾತ್ರ ತಗೀರಿ, ತೊಳೀಲಾರದ್ದು ಅಂತ ಸಾಫ ಬರೀರಿ. ಆಮ್ಯಾಲ ಇಂವಾ ಒಂದ ತಿಂಗಳ ಕುರಕುಂಭಕ್ಕ ಬಂದು ಒಂದೊಂದ ಡ್ರಮ್ಮಿನ ಮುಂದ ನಿಂತು ಪಟ್ಟಿ ತಾಳೆ ನೋಡ್ಲಿ. ಅಂದ್ರ ಪ್ರೋಗ್ರಾಮ್ ತಗೋತೀವಿ, ಇಲ್ಲಂದ್ರ ಇಲ್ಲ.’

ಮೋಹನದಾಸರು ಗಡಿಯಾರ ನೋಡಿದರು, ಹಣಮಂತ್ರಾಯನನ್ನು ನೋಡಿದರು. ‘ತಿಂಗಳಾದ ಮ್ಯಾಲ ಇವ್ರು ಹೂಂ ಅಂದ್ರ ಕಾಯಂ. ಅಲ್ಲೀತನಾ ಅಲ್ಲ. ನಿಮ್ಮವ್ವಗ ನೀನ ಹೇಳು.’

‘ಹೇಳತೀನ್ರಿ,’ ಎಂದ. ಅದೊಂದು ಮಾತು ಆಸಿಡ್ ತುಂಬಿದ ಡ್ರಮ್ಮಿಗಿಂತ ಭಾರವಾಗಿತ್ತು.

ಭಾಮಾ ಕುರ್ಚಿ ಬಿಟ್ಟುಕೊಟ್ಟಳು. ಅವನು ಕೂತು, ತಾನು ಸೇರಿಸಿದ್ದನ್ನು ಒಂದೊಂದೇ ಅಕ್ಷರ ನೋಡಿ ಅಳಿಸತೊಡಗಿದ. ಪಕ್ಕದಲ್ಲೇ ಹೊಳಬಸಪ್ಪನವರು, ಬಸ್ಸು ಹೋದರೆ ಹೋಗಲಿ ಎಂಬಂತೆ.

‘ಸೋಮವಾರ ಮುಂಜಾನೆ ಮೊದಲನೇ ಬಸ್ಸಿಗೆ ಬಾ. ಚಪ್ಪಲಿ ಮ್ಯಾಲ ಬರಬ್ಯಾಡ, ಬೂಟ ಹಾಕ್ಕೋ.’

‘ಬೂಟ ಇಲ್ರಿ ಸರ.’

‘ಪಾದ ಎಷ್ಟ ನಂಬರು?’

‘ಏಳು ರೀ.’

ಹೊಳಬಸಪ್ಪನವರು ಜೇಬಿನಿಂದ ಪೆನ್ನು ತೆಗೆದು, ಪಟ್ಟಿಯ ಅಂಚಿನಲ್ಲಿ ‘ಬೂಟು, ಏಳು’ ಎಂದು ದಪ್ಪಗೆ ಬರೆದುಕೊಂಡರು.